ಆಂಟೆನಾಗೆ ಎಂಥ ಹಗ್ಗ? ನನ್ನ ಅನುಭವ

ನಾನು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ನಡೆಸುವವನು. ನಮ್ಮ ಮನೆಯಲ್ಲಿ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಸುತ್ತಲಿನ ತರಂಗಗಳ) ಡೈಪೋಲ್ ಇದೆ, ಅಂದರೆ ನಡುವೆ ಕೇಬಲ್ ಜೋಡಿಸಿದ ಉದ್ದ ತಂತಿಯ ಆಂಟೆನಾ. ಒಂದು ತುದಿ ಹಿತ್ತಲಿನ ಹಲಸಿನ ಮರಕ್ಕೆ, ಇನ್ನೊಂದು ತೋಟದ ಅಂಚಿನ ತೆಂಗಿನ ಮರಕ್ಕೆ. ನಡುವೆ 24 ಮೀಟರ್ ಅಂತರ. 7.1 ಮೆಗಾಹರ್ಟ್ಸ್‌ಗೆ ತಂತಿ ಬೇಕಾಗುವುದು ಸುಮಾರು 20 ಮೀಟರ್. ಮಿಕ್ಕಿದ್ದೆಲ್ಲ ಹಗ್ಗದ ಕೆಲಸ. ಹ್ಯಾಮ್‌ಗಳು ಸೇರಿದರೆ ತಂತಿ, ಕೋಆಕ್ಸ್ ಕೇಬಲ್, ಎಸ್‌ಡಬ್ಲ್ಯುಆರ್ (ಆಂಟೆನಾ ರೇಡಿಯೊಗೆ ಎಷ್ಟು ಹೊಂದಿದೆ ಅನ್ನುವ ಅಳತೆ) ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ಆಂಟೆನಾ ನೆಲಕ್ಕೆ ಬೀಳುವುದು ಮಾತ್ರ ಹೆಚ್ಚಾಗಿ ಹಗ್ಗದಿಂದ.

ಹಗ್ಗ ಅಂದ ಕೂಡಲೇ ಬರುವ ಪ್ರಶ್ನೆ, ಎಷ್ಟು ಕೆಜಿ ತಡೆಯುತ್ತದೆ ಅನ್ನುವುದು. ನಾನು ಅದನ್ನು ಕೊನೆಗೆ ಕೇಳುತ್ತೇನೆ. ಯಾಕೆಂದರೆ ಲೆಕ್ಕ ಸುಲಭ. ನನ್ನ ಆಂಟೆನಾದ ನಡುವೆ ತೂಗುವ ಬ್ಯಾಲನ್ (ಕೇಬಲನ್ನು ತಂತಿಗೆ ಹೊಂದಿಸುವ ಸಾಧನ) ಮತ್ತು ರೇಡಿಯೊದಿಂದ ಬರುವ ಆರ್‌ಜಿ-58 ಕೇಬಲ್ ಸೇರಿ ಸುಮಾರು 800 ಗ್ರಾಂ. ಆ ಭಾರವನ್ನು 24 ಮೀಟರಿಂದ ಗುಣಿಸಿ, ತಂತಿ ನಡುವೆ ಜೋಲುವ ಆಳದ ನಾಲ್ಕರಷ್ಟರಿಂದ ಭಾಗಿಸಿದರೆ ಎಳೆತ ಸಿಗುತ್ತದೆ. ಒಂದು ಮೀಟರ್ ಜೋಲು ಬಿಟ್ಟರೆ 4.8 ಕೆಜಿ. ತಂತಿಯ ಸ್ವಂತ ಭಾರ ಸೇರಿಸಿದರೆ ಆರು ಕೆಜಿ ಅನ್ನಿ. ಅರ್ಧ ಮೀಟರಿಗೆ ಬಿಗಿ ಮಾಡಿದರೆ ಹನ್ನೆರಡು. ಐದು ಮಿಲಿಮೀಟರಿನ ಒಳ್ಳೆಯ ಹಗ್ಗ ಇದರ ಹತ್ತಾರು ಪಟ್ಟು ತಡೆಯುತ್ತದೆ. ಹಾಗಾಗಿ ಬಲ ಸಾಲದೆ ಹರಿಯುವುದು ಅಪರೂಪ. ಹಗ್ಗವನ್ನು ತಿನ್ನುವುದು ಬಿಸಿಲು, ಉಜ್ಜಾಟ, ಮರದ ತೂಗಾಟ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ನೀಲಿ, ಹಳದಿ ಹಗ್ಗ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅಗ್ಗ, ಹಗುರ, ನೀರು ಹೀರುವುದಿಲ್ಲ. ಆದರೆ ಬಿಸಿಲು ಕಂಡರೆ ಆಗದು. ಹಟ್ಟಿಯ ಹೊರಗೆ ಕಟ್ಟಿಟ್ಟ ಹಳೆ ಹಗ್ಗವನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ. ಬೆರಳಿಗೆ ನೀಲಿ ಪುಡಿ ಅಂಟುತ್ತದೆ, ಸಣ್ಣ ಎಳೆಗಳು ಚುಚ್ಚುತ್ತವೆ. ಬಿಸಿಲಿಗೆ ಪುಡಿಯಾದ ಹಗ್ಗ ಅದು. ಒಂದು ಭಾನುವಾರದ ಫೀಲ್ಡ್ ಡೇಗೆ (ಬಯಲಲ್ಲಿ ರೇಡಿಯೊ ನಡೆಸುವ ಹ್ಯಾಮ್‌ಗಳ ಕೂಟಕ್ಕೆ) ಸಾಕು, ವರ್ಷಗಟ್ಟಲೆ ಮರದ ಮೇಲೆ ಬಿಡುವುದಕ್ಕಲ್ಲ. ನೈಲಾನ್ ಗಟ್ಟಿ, ಆದರೆ ಹಿಗ್ಗುತ್ತದೆ, ನೀರು ಕುಡಿದಾಗ ಬಲವೂ ಸ್ವಲ್ಪ ಇಳಿಯುತ್ತದೆ. ಪ್ಯಾರಾಕಾರ್ಡ್ (ಪ್ಯಾರಾಶೂಟ್ ಹಗ್ಗ) ಕೂಡ ಹೆಚ್ಚಾಗಿ ನೈಲಾನೇ. ತೆಂಗಿನ ನಾರಿನ ಹಗ್ಗ ಯಾಕೆ ಬೇಡ ಅಂತ ಒಂದು ಮಳೆಗಾಲ ಕಳೆದರೆ ಅದೇ ಹೇಳುತ್ತದೆ. ಜಿಐ ತಂತಿ ಬಳಸುವವರಿದ್ದಾರೆ. ಅದು ವಿದ್ಯುತ್ ವಾಹಕ, ಆಂಟೆನಾ ಜೊತೆ ತಾನೂ ಸೇರಿಕೊಳ್ಳುತ್ತದೆ. ನಡುನಡುವೆ ಪಿಂಗಾಣಿ ಇನ್ಸುಲೇಟರ್ ಹಾಕಿ ತುಂಡರಿಸಬೇಕು. ಸುಮ್ನೆ ತಲೆನೋವು.

ನನ್ನ ಆಯ್ಕೆ ಪಾಲಿಯೆಸ್ಟರ್. ಕಪ್ಪು ಬಣ್ಣದ್ದು, ಹೆಣೆದದ್ದು, ಹೊರಗವಚದ ಒಳಗೆ ಇನ್ನೊಂದು ಹೆಣೆದ ತಿರುಳು ಇರುವಂಥದ್ದು. ಹಿಗ್ಗುವುದು ಕಡಿಮೆ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಬಿಸಿಲಿನ ಪೆಟ್ಟು ಕವಚ ತಿನ್ನುತ್ತದೆ, ಭಾರ ತಿರುಳು ಹೊರುತ್ತದೆ.

ತೊಂದರೆ ಏನೆಂದರೆ, ನಮ್ಮ ಕಡೆ ಯಾವ ಹಗ್ಗ ಕೇಳಿದರೂ ಅಂಗಡಿಯವರು 'ನೈಲಾನ್ ಸಾರ್' ಅಂತಲೇ ಕೊಡುತ್ತಾರೆ. ಅದಕ್ಕೆ ನಾನು ಬೆರಳುದ್ದದ ತುಂಡು ತಂದು ಅಡುಗೆಮನೆಯಲ್ಲಿ ಪರೀಕ್ಷೆ ಮಾಡುತ್ತೇನೆ. ಮೊದಲು ಒಂದು ಲೋಟ ನೀರಿಗೆ ಹಾಕುವುದು. ಎಳೆ ಬಿಡಿಸಿ, ನೀರೊಳಗೇ ಹಿಂಡಿ ಗಾಳಿಗುಳ್ಳೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಮೋಸ ಹೋಗುತ್ತೀರಿ. ತೇಲಿದರೆ ಪಾಲಿಪ್ರೊಪಿಲೀನ್ ಅಥವಾ ಅದರ ಬಳಗದ್ದು. ಮುಳುಗಿದರೆ ಇನ್ನೊಂದು ಲೋಟದಲ್ಲಿ ಉಪ್ಪು ಕರಗಿಸಿ. ಇನ್ನು ಕರಗುವುದಿಲ್ಲ ಅನ್ನುವವರೆಗೆ ಹಾಕಬೇಕು, 200 ಮಿಲಿ ನೀರಿಗೆ ಸುಮಾರು 70 ಗ್ರಾಂ ಹಿಡಿಯುತ್ತದೆ. ಆಗ ಉಪ್ಪುನೀರಿನ ಸಾಂದ್ರತೆ 1.2ರ ಹತ್ತಿರ ಬರುತ್ತದೆ. ನೈಲಾನಿನದು 1.14, ಅದು ತೇಲುತ್ತದೆ. ಪಾಲಿಯೆಸ್ಟರ್ 1.38, ತಳಕ್ಕೆ ಹೋಗಿ ಕೂರುತ್ತದೆ. ಮನೆಯವರು ಉಪ್ಪಿನ ಡಬ್ಬಿ ಯಾಕೆ ಖಾಲಿ ಅಂತ ಕೇಳಿದರೆ ಉತ್ತರ ನಿಮ್ಮದು.

ಕಟ್ಟುವ ಕ್ರಮವೂ ಅಷ್ಟೇ ಮುಖ್ಯ. ಕೊಂಬೆಯ ಮೇಲೆ ಹಗ್ಗ ಹಾಯಿಸಿ ಬಿಟ್ಟರೆ ಗಾಳಿಗೆ ಉಜ್ಜಿ ಉಜ್ಜಿ ಕೊಂಬೆಯೂ ಸವೆಯುತ್ತದೆ, ಹಗ್ಗವೂ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಚಿಕ್ಕ ರಾಟೆ ಹಾಕಿ. ಚಕ್ರಕ್ಕೂ ಪಕ್ಕದ ತಗಡಿಗೂ ನಡುವಿನ ಸಂದು ಹಗ್ಗಕ್ಕಿಂತ ಸಣ್ಣದಿರಲಿ, ಇಲ್ಲದಿದ್ದರೆ ಹಗ್ಗ ಜಾರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತೆಂಗಿನ ಮರದಲ್ಲಿ ರಾಟೆ ಸುಳಿಯಿಂದ ಸಾಕಷ್ಟು ಕೆಳಗಿದ್ದರೆ ತೂಗಾಟ ಕಡಿಮೆ. ನಮ್ಮ ಅಡಿಕೆ ಕೊನೆಗಾರ ಹತ್ತಿ ಕಟ್ಟಿಕೊಟ್ಟ. ಅಡಿಕೆ ಮರಕ್ಕೇ ಕಟ್ಟೋಣ ಅಂದಿದ್ದಕ್ಕೆ ನಕ್ಕುಬಿಟ್ಟ. 'ಗಾಳಿ ಬಂದ್ರೆ ಅದು ನಿಮ್ ತಂತಿನ ಎಳ್ಕೊಂಡ್ ಹೋಗ್ತದೆ ಅಯ್ಯ' ಅಂದ. ನಿಜವೇ.

ತೆಂಗಿನ ಕಡೆ ಹಗ್ಗದ ತುದಿಯನ್ನು ಬುಡಕ್ಕೆ ಕಟ್ಟಿಲ್ಲ. ಐದು ಲೀಟರಿನ ಕ್ಯಾನಿಗೆ ನೀರು ತುಂಬಿಸಿ ತೂಗುಹಾಕಿದ್ದೇನೆ. ಮರ ಆಚೆ ವಾಲಿದರೆ ಕ್ಯಾನು ಮೇಲೇರುತ್ತದೆ, ಈಚೆ ಬಂದರೆ ಇಳಿಯುತ್ತದೆ. ಎಳೆತ ಮಾತ್ರ ಐದು ಕೆಜಿ ಆಸುಪಾಸಿನಲ್ಲೇ ನಿಲ್ಲುತ್ತದೆ, ತಂತಿ ಒಂದು ಮೀಟರಿಗಿಂತ ತುಸು ಜಾಸ್ತಿ ಜೋಲುತ್ತದೆ. ಕ್ಯಾನಿನ ಕೆಳಗೆ ದನ, ಮಕ್ಕಳು ಓಡಾಡದ ಜಾಗ ನೋಡಿಕೊಳ್ಳಿ. ತಂತಿ ತುದಿಯ ಇನ್ಸುಲೇಟರಿಗೂ ಹಗ್ಗಕ್ಕೂ ನಡುವೆ ಬೇಕೆಂದೇ ಒಂದು ತುಂಡು ಸಣ್ಣ ದಾರ ಇಟ್ಟಿದ್ದೇನೆ. ಒಣಗಿದ ಹೆಡೆ ಬಿದ್ದರೆ ಮೊದಲು ಹರಿಯುವುದು ಅದು, ತಂತಿ ಉಳಿಯುತ್ತದೆ. ಹೀಗೆ ದಾರ ಹರಿದು ಬೀಳುವ ತಂತಿ ಕರೆಂಟ್ ಲೈನಿನ ಹತ್ತಿರಕ್ಕೂ ಹೋಗದ ಹಾಗೆ ಜಾಗ ಆರಿಸಬೇಕು. ಇದರಲ್ಲಿ ರಾಜಿ ಇಲ್ಲ.

ಮುಂಗಾರಿಗೆ ಮೊದಲು ಒಮ್ಮೆ ಇಳಿಸಿ ನೋಡುತ್ತೇನೆ. ಚಗಳಿ ಇರುವೆಗಳಿಗೆ ಈ ಹಗ್ಗವೇ ಹೆದ್ದಾರಿ, ಕೈಗವಸು ಮರೆಯಬೇಡಿ. ರಾಟೆಯ ಮೇಲೆ ಯಾವಾಗಲೂ ಹಗ್ಗದ ಅದೇ ಜಾಗ ಕೂತರೆ ಅಲ್ಲೇ ಸವೆಯುತ್ತದೆ. ಅದಕ್ಕೆ ಮೊದಲೇ ಉದ್ದ ಜಾಸ್ತಿ ಇಟ್ಟಿರುತ್ತೇನೆ. ಗಂಟಿನ ಕಡೆಯಿಂದ ಒಂದು ಗೇಣು ಕತ್ತರಿಸಿ, ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಮತ್ತೆ ಕಟ್ಟುತ್ತೇನೆ. ಕತ್ತರಿಸಿದ ತುಂಡನ್ನು ಸೀಳಿ ತಿರುಳು ನೋಡುವುದೂ ಉಂಟು. ಕವಚ ಮಾಸಿದ್ದರೂ ತಿರುಳು ಗಟ್ಟಿಯಾಗಿದ್ದರೆ ಇನ್ನೊಂದು ಮಳೆಗಾಲಕ್ಕೆ ಅದೇ ಹಗ್ಗ. ತಿರುಳಿನ ಎಳೆ ಉಗುರಿಗೆ ಹರಿಯುವಂತಿದ್ದರೆ ಪೂರ್ತಿ ಬದಲು. ಆಗ ಹೊಸ ಹಗ್ಗದ ತುದಿಯನ್ನು ಹಳೆಯದರ ತುದಿಗೆ ಜೋಡಿಸಿ ಟೇಪು ಸುತ್ತಿ ಎಳೆದರಾಯಿತು, ಕೊನೆಗಾರನನ್ನು ಕರೆಯಬೇಕಿಲ್ಲ.