ಎಂ.ಎ., ಪಿಎಚ್.ಡಿ. ಅರ್ಜಿಗೆ ಮುಂಚೆ ಒಂದು ಪ್ರಶ್ನೆ ಹುಡುಕಿಕೊಳ್ಳಿ

ನಮ್ಮ ಮನೆ ಮಂಡ್ಯ ತಾಲ್ಲೂಕಿನ ನಾಲೆ ಬಯಲಿನಲ್ಲಿದೆ. ಹಿತ್ತಲಿನಿಂದ ನೂರು ಹೆಜ್ಜೆ ಇಟ್ಟರೆ ತೂಬು, ತೂಬು ದಾಟಿದರೆ ಕಬ್ಬಿನ ಗದ್ದೆ. ಬಿ.ಎ. ಮುಗಿಸಿ ಎಂ.ಎ. ಇತಿಹಾಸ ಓದುತ್ತೇನೆ ಎಂದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಅಲ್ಲ ಕಣವ್ವ, ರಾಜ್ರ ಕತೆ ಓದಿ ಏನ್ ಮಾಡೀಯೆ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಸಿದೆ. ಈಗ ಪಿಎಚ್.ಡಿ. ಮೂರನೇ ವರ್ಷ. ಸರಸ್ವತಿಪುರಂನ ನನ್ನ ರೂಮಿಗೆ ಪ್ರತಿ ವರ್ಷ ಊರ ಕಡೆಯ ನಾಲ್ಕೈದು ಮಕ್ಕಳು "ಅಕ್ಕ, ಅರ್ಜಿ ಹೇಗೆ ಹಾಕೋದು?" ಎಂದು ಕೇಳಿಕೊಂಡು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಬಂದವರು ಮೊದಲು ಕೇಳುವುದು ಫಾರಂ ಯಾವಾಗ ಬಿಡುತ್ತಾರೆ ಅಂತ. ನಾನು ಕೇಳುವುದು, ನಿಮಗೆ ಏನು ತಿಳಿದುಕೊಳ್ಳಬೇಕಾಗಿದೆ ಅಂತ. ಹೆಚ್ಚಿನವರು ಸುಮ್ಮನಾಗುತ್ತಾರೆ. ತಪ್ಪೇನಿಲ್ಲ, ನಮ್ಮ ಬಿ.ಎ. ತರಗತಿಗಳಲ್ಲಿ ಪ್ರಶ್ನೆ ಕೇಳುವವರು ಪರೀಕ್ಷೆಯವರು, ಉತ್ತರ ಬರೆಯುವವರು ನಾವು. ಮುಂದಿನ ಓದಿನಲ್ಲಿ ಇದು ತಿರುಗುಮುರುಗಾಗುತ್ತದೆ. ಅದಕ್ಕೇ ಅರ್ಜಿಗೆ ಒಂದು ವರ್ಷ ಮುಂಚೆ, ಅಂದರೆ ಕೊನೆಯ ವರ್ಷದ ಶುರುವಿನಲ್ಲೇ, ನಿಮ್ಮದೇ ಆದ ಒಂದು ಸಣ್ಣ ಪ್ರಶ್ನೆ ಹುಡುಕಿಕೊಳ್ಳಿ. ಎಸ್‌ಓಪಿ (ಯಾಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯ ಜೊತೆ ಬರೆದುಕೊಡುವ ಹೇಳಿಕೆ), ಪ್ರಪೋಸಲ್ (ಮಾಡಬೇಕೆಂದಿರುವ ಸಂಶೋಧನೆಯ ಯೋಜನೆ), ಇಂಟರ್‌ವ್ಯೂ ಮೂರೂ ಆ ಪ್ರಶ್ನೆಯ ಮೇಲೆಯೇ ನಿಲ್ಲುತ್ತವೆ.

ನನ್ನ ಮೊದಲ ಎಸ್‌ಓಪಿ ಶುರುವಾಗಿದ್ದು ಹೀಗೆ: "ನನಗೆ ಚಿಕ್ಕಂದಿನಿಂದಲೂ ಇತಿಹಾಸದಲ್ಲಿ ಅಪಾರ ಆಸಕ್ತಿ. ನಮ್ಮ ಭವ್ಯ ಪರಂಪರೆಯನ್ನು ಮುಂದಿನ ಪೀಳಿಗೆಗೆ ತಲುಪಿಸುವುದು ನನ್ನ ಗುರಿ." ನಮ್ಮ ಮೇಡಂ ಓದಿ, ಪೆನ್ಸಿಲ್ಲಿನಿಂದ ಎರಡೂ ಸಾಲಿನ ಕೆಳಗೆ ಗೆರೆ ಎಳೆದರು. "ಈ ಎರಡು ಸಾಲನ್ನು ನಿನ್ನ ಪಕ್ಕದ ಬೆಂಚಿನವಳು ಬರೆಯಬಹುದಾ?" ಎಂದರು. ಬರೆಯಬಹುದು ಎಂದೆ. "ಹಾಗಾದ್ರೆ ಇದು ನಿನ್ನದಲ್ಲ, ತೆಗಿ" ಎಂದರು.

ಆ ಭಾನುವಾರ ಊರಿಗೆ ಹೋದೆ. ತೂಬಿನ ಹತ್ತಿರ ಕೂತಿದ್ದಾಗ ಅಜ್ಜಿ ಹೇಳುತ್ತಿದ್ದ ಮಾತು ನೆನಪಾಯಿತು. ನಾಲೆ ಬರೋಕೆ ಮುಂಚೆ ಈ ಹೊಲದಲ್ಲೆಲ್ಲ ರಾಗಿ, ಹುಚ್ಚೆಳ್ಳು ಬೆಳೆಯುತ್ತಿದ್ದರಂತೆ. ಕೃಷ್ಣರಾಜಸಾಗರದ ಕೆಲಸ ಶುರುವಾಗಿದ್ದು 1911ರಲ್ಲಿ. ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದಿದ್ದು 1930ರ ದಶಕದ ಶುರುವಿನಲ್ಲಿ. ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿದ್ದು 1933ರಲ್ಲಿ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ರಾಗಿ ಹೊಲ ಕಬ್ಬಿನ ಗದ್ದೆ ಆದಾಗ, ರಾಗಿ ಕಳೆ ಕೀಳುತ್ತಿದ್ದ ಹೆಂಗಸರ ಕೂಲಿ ಏನಾಯಿತು? ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಹೊಸ ಎಸ್‌ಓಪಿಯ ಮೊದಲ ಸಾಲು ಹೀಗಾಯಿತು: "ನಮ್ಮ ಹಿತ್ತಲಿನ ತೂಬಿಗೆ ನೀರು ಬಂದ ವರ್ಷ ನಮ್ಮ ಮನೆಯವರು ರಾಗಿ ಬಿತ್ತುವುದು ಬಿಟ್ಟರು. ಆ ಹೊಲದಲ್ಲಿ ದುಡಿಯುತ್ತಿದ್ದ ಹೆಂಗಸರು ಆಮೇಲೆ ಎಲ್ಲಿಗೆ ಹೋದರು ಎಂದು ತಿಳಿಯಲು ನಾನು ಓದಬೇಕು."

ಪ್ರಶ್ನೆ ಸಿಕ್ಕ ಮೇಲೆ ಅದಕ್ಕೆ ಆಧಾರ ಎಲ್ಲಿದೆ ಎಂದು ಸ್ವಲ್ಪವಾದರೂ ಹುಡುಕಿರಬೇಕು. ಬರೀ ಆಸೆ ಹೇಳಿಕೊಂಡವರಿಗೂ, ಒಂದು ದಾಖಲೆ ಮುಟ್ಟಿ ಬಂದವರಿಗೂ ಇರುವ ವ್ಯತ್ಯಾಸ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ನಾನು ಹೋಗಿದ್ದು ಮೈಸೂರು ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ವರದಿಗಳಿಗೆ. 1881ರಲ್ಲಿ ಶುರುವಾದ ಸಭೆ ಅದು. ದಸರಾ ಹೊತ್ತಿಗೆ ಊರೂರಿನ ಪ್ರತಿನಿಧಿಗಳು ಬಂದು ಕಂದಾಯ, ಕೆರೆ, ರಸ್ತೆ ಅಂತ ಅಹವಾಲು ಹೇಳುತ್ತಿದ್ದರು. ಒಂದು ಸಂಪುಟ ತೆಗೆದು ಪುಟ ತಿರುವಿದರೆ ನಿಮ್ಮ ತಾಲ್ಲೂಕಿನ ಹೆಸರು ಕಣ್ಣಿಗೆ ಬೀಳುತ್ತದೆ. ಮಂಡ್ಯದವರು ಇನ್ನೊಂದು ವಿಷಯ ನೆನಪಿಡಿ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅದಕ್ಕೂ ಹಿಂದಿನ ಕಡತ ಬೇಕಿದ್ದರೆ ಮೈಸೂರು ಜಿಲ್ಲೆಯ ಕೆಳಗೆ ಹುಡುಕಬೇಕು. ಇದು ಗೊತ್ತಿಲ್ಲದೆ ನಾನು ಎರಡು ವಾರ ಕಳೆದುಕೊಂಡೆ.

ನಿಮ್ಮ ವಿಷಯ ಬೇರೆ ಇರಬಹುದು. ಮೈಸೂರಿನಲ್ಲಿರುವವರಿಗೆ ಕೈಗೆಟುಕುವ ಜಾಗಗಳು ಬೇಕಾದಷ್ಟಿವೆ. ತಾಳೆಗರಿ ನೋಡಬೇಕೆಂದರೆ 1891ರಿಂದ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯ. ಭಾಷಾಶಾಸ್ತ್ರಕ್ಕೆ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ. ಜಾನಪದಕ್ಕೆ ಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯ ಮ್ಯೂಸಿಯಂ. ಜೊತೆಗೆ ಶೋಧಗಂಗಾ ಎಂಬ ವೆಬ್‌ಸೈಟ್ ಇದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ದುಡ್ಡಿಲ್ಲದೆ ಓದಲು ಸಿಗುತ್ತವೆ. ನೀವು ಸೇರಬೇಕೆಂದಿರುವ ವಿಭಾಗದಿಂದ ಬಂದ ಎರಡು ಪ್ರಬಂಧಗಳ ಮೊದಲ ಅಧ್ಯಾಯ ಓದಿ. ಅಲ್ಲಿನವರು ಎಂಥ ಪ್ರಶ್ನೆ ಕೇಳುತ್ತಾರೆ ಎಂದು ಗೊತ್ತಾಗುತ್ತದೆ.

ಇನ್ನು ಪರೀಕ್ಷೆಗಳು. ಎಂ.ಎ.ಗೆ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ, ಅಂದರೆ ಜೆಎನ್‌ಯು, ಹೈದರಾಬಾದ್, ನಮ್ಮ ಕಲಬುರಗಿಯದು, ಇಂಥ ಕಡೆಗೆ ಸಿಯುಇಟಿ ಪಿಜಿ ಎಂಬ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದನ್ನು ಬಿಡಿ. ಫಾರಂ ಸಾಮಾನ್ಯವಾಗಿ ಡಿಸೆಂಬರ್, ಜನವರಿ ಹೊತ್ತಿಗೆ ಬರುತ್ತದೆ. ನಮ್ಮ ಹುಡುಗರು ಪದವಿ ಫಲಿತಾಂಶ ಬಂದ ಮೇಲೆ ವಿಚಾರಿಸುತ್ತಾರೆ, ಅಷ್ಟೊತ್ತಿಗೆ ಎಲ್ಲ ಮುಗಿದಿರುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳ ಅಧಿಸೂಚನೆ ಬೇರೆಯೇ ಬರುತ್ತದೆ, ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆ ವರ್ಷದ್ದನ್ನೇ ಪೂರ್ತಿ ಓದಿ.

ಪಿಎಚ್.ಡಿ.ಗೆ ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ. 2024ರಿಂದ ಅದರ ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ: ಜೆಆರ್‌ಎಫ್ (ಸಂಶೋಧನೆಗೆ ತಿಂಗಳು ತಿಂಗಳು ಕೊಡುವ ಫೆಲೋಶಿಪ್), ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಬರೀ ಪಿಎಚ್.ಡಿ. ಪ್ರವೇಶ. ಜೆಆರ್‌ಎಫ್ ಇಲ್ಲದೆ ನೆಟ್ ಅಂಕದ ಮೇಲೆ ಪ್ರವೇಶ ಕೇಳಿದರೆ ಆ ಅಂಕಕ್ಕೆ ಶೇ. 70, ಇಂಟರ್‌ವ್ಯೂಗೆ ಶೇ. 30. ಪ್ರವೇಶಕ್ಕೆ ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ಎರಡು ಪೇಪರ್ ಸೇರಿ 150 ಪ್ರಶ್ನೆ, 300 ಅಂಕ, 3 ಗಂಟೆ. ಇಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಮೊದಲ ಪೇಪರನ್ನು ನಮ್ಮವರು ಸುಮ್ನೆ ಬಿಟ್ಟುಬಿಡುತ್ತಾರೆ. ಅದರಲ್ಲಿ 100 ಅಂಕ ಇದೆ, ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿದರೆ ಕೈಗೆ ಬರುತ್ತದೆ. ಕೆ-ಸೆಟ್ ಕೂಡ ಬರೆಯಿರಿ. ರಾಜ್ಯದಲ್ಲಿ ಪಾಠ ಮಾಡುವ ಅರ್ಹತೆ ಸಿಗುತ್ತದೆ. ಆದರೆ ಅದರಿಂದ ಫೆಲೋಶಿಪ್ ಬರುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ನಿಜವಾದ ಕಷ್ಟ ಇರುವುದು ಬೇರೆ ಕಡೆ. ಕನ್ನಡ ಸಾಹಿತ್ಯದ ನೆಟ್ ಕನ್ನಡದಲ್ಲೇ ಇರುತ್ತದೆ. ಇತಿಹಾಸ, ಸಮಾಜಶಾಸ್ತ್ರದ ಪತ್ರಿಕೆಗಳು ಇಂಗ್ಲಿಷ್, ಹಿಂದಿಯಲ್ಲಿ. ನಾನು ಹತ್ತನೇ ತರಗತಿವರೆಗೆ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಸುರಿಯಬೇಡಿ, ನಮಗೆ ಬೇಕಿರುವುದು ಓದುವ ಇಂಗ್ಲಿಷ್. ನಾನು ಮಾಡಿದ್ದು ಇಷ್ಟು: ದಿನಕ್ಕೆ ಒಂದು ಲೇಖನದ ಮೂರು ಪುಟ. ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ನೋಡುತ್ತಿರಲಿಲ್ಲ, ಮೂರು ಸಲ ಎದುರಾದ ಪದಕ್ಕೆ ಮಾತ್ರ ನೋಡುತ್ತಿದ್ದೆ. ಪ್ರತಿ ಪ್ಯಾರಾ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಒಂದು ಸಾಲು: ಇವರು ಏನು ಹೇಳಿದರು? ಮೊದಲ ಲೇಖನಕ್ಕೆ ಹನ್ನೊಂದು ದಿನ ಹಿಡಿಯಿತು. ಆರು ತಿಂಗಳ ಹೊತ್ತಿಗೆ ಎರಡು ದಿನಕ್ಕೆ ಒಂದು ಮುಗಿಯುತ್ತಿತ್ತು. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನ ಮೇಲಿದೆ.

ಗೈಡ್ ವಿಷಯ. ಯುಜಿಸಿ ನಿಯಮದಂತೆ ಒಬ್ಬ ಪ್ರೊಫೆಸರ್ ಒಂದು ಸಲಕ್ಕೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6 ಜನರಿಗೆ, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿಮಗೆ ಬೇಕಾದವರ ಹತ್ತಿರ ಜಾಗ ಇದೆಯಾ ಎಂದು ಮೊದಲೇ ಕೇಳಿ. ನಾನು ಕಳಿಸಿದ ಮೇಲ್ ಇಷ್ಟೇ ಇತ್ತು: "ನಮಸ್ಕಾರ ಸರ್. ನಾನು ಮಂಡ್ಯದ ನಾಲೆ ಬಯಲಿನಲ್ಲಿ 1930ರ ನಂತರದ ಹೆಣ್ಣುಮಕ್ಕಳ ಕೂಲಿಯ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ. ನೀರಾವರಿ ಕುರಿತ ತಮ್ಮ ಲೇಖನ ಓದಿದ್ದೇನೆ. ಈ ವರ್ಷ ತಮ್ಮಲ್ಲಿ ಸ್ಥಾನ ಇದೆಯೇ? ಎರಡು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ." ಒಬ್ಬರು ಉತ್ತರ ಕೊಡಲಿಲ್ಲ, ಇನ್ನೊಬ್ಬರು ಕೊಟ್ಟರು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಮತ್ತೊಮ್ಮೆ ಬರೆಯಿರಿ. ಸಂಕೋಚ ಬೇಡ.

ಶಿಫಾರಸು ಪತ್ರ ಕೇಳುವ ಕಡೆ ಮೇಷ್ಟ್ರಿಗೆ ಒಂದು ತಿಂಗಳು ಸಮಯ ಕೊಡಿ. ನಾನು ಮೊದಲ ಸಲ ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಇರುವಾಗ ಕೇಳಿದೆ. "ಶ್ರದ್ಧೆಯ ವಿದ್ಯಾರ್ಥಿನಿ, ಸನ್ನಡತೆಯುಳ್ಳವಳು" ಎಂದು ಮೂರು ಸಾಲು ಬಂತು. ನನ್ನ ಬಗ್ಗೆ ಬರೆಯಲು ಅವರ ಕೈಯಲ್ಲಿ ನಾನು ಏನನ್ನೂ ಕೊಟ್ಟಿರಲಿಲ್ಲ. ಮುಂದಿನ ಸಲ ಎಸ್‌ಓಪಿ, ಮಾರ್ಕ್ಸ್ ಕಾರ್ಡ್ ಪ್ರತಿ, ಅವರ ತರಗತಿಯಲ್ಲೇ ನಾನು ಬರೆದ ಪ್ರಬಂಧ, ಕೊನೆಯ ದಿನಾಂಕ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟು ಕೊಟ್ಟೆ. ಆ ಪತ್ರ ಎರಡು ಪುಟ ಇತ್ತು.

ದಾಖಲೆಗಳಲ್ಲಿ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ರಾಜ್ಯದ 2ಎ, 3ಎ ಪ್ರಮಾಣಪತ್ರ ಕೇಂದ್ರೀಯ ವಿಶ್ವವಿದ್ಯಾಲಯಕ್ಕಾಗಲಿ ನೆಟ್‌ಗಾಗಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ, ನಮೂನೆ ಬೇರೆ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯಾ ನೋಡಿ, ಇದ್ದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಕೇಂದ್ರದ ನಮೂನೆಯ ಪತ್ರವನ್ನು ಮುಂಚೆಯೇ ಮಾಡಿಸಿಕೊಳ್ಳಿ. ನನ್ನ ಗೆಳತಿಗೆ ಒಂದು ಕಡೆ ಸೀಟು ಸಿಕ್ಕಿತ್ತು. ದಾಖಲೆ ನೋಡುವ ದಿನ ಅವಳ ಕೈಯಲ್ಲಿದ್ದದ್ದು ರಾಜ್ಯದ ಪತ್ರ. ನಾಡಕಚೇರಿಗೆ ಓಡಿ ಹೊಸದು ತರುವಷ್ಟರಲ್ಲಿ ಗಡುವು ಮುಗಿದಿತ್ತು. ಅಷ್ಟು ಚೆನ್ನಾಗಿ ಓದಿದವಳು ಒಂದು ಹಾಳೆಗೋಸ್ಕರ ಒಂದು ವರ್ಷ ಮನೆಯಲ್ಲಿ ಕೂತಳು. ಅವತ್ತಿನ ಅವಳ ಫೋನ್ ನಾನು ಮರೆತಿಲ್ಲ.

ದುಡ್ಡಿನ ಮಾತನ್ನು ಮನೆಯಲ್ಲಿ ಮುಚ್ಚಿಡಬೇಡಿ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಸಿಗದಿದ್ದರೆ ಪಿಎಚ್.ಡಿ.ಯ ಮೂರರಿಂದ ಆರು ವರ್ಷ ಹೇಗೆ ನಡೆಸುತ್ತೀರಿ ಎಂದು ಅಪ್ಪ ಅಮ್ಮನ ಜೊತೆ ಕೂತು ಲೆಕ್ಕ ಹಾಕಿ. ನಾನು ಜೆಆರ್‌ಎಫ್ ಪಡೆದದ್ದು ಮೂರನೇ ಪ್ರಯತ್ನದಲ್ಲಿ. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕಿ ಆಗಿದ್ದೆ.

ವಿದೇಶಕ್ಕೆ ಹೋಗಬೇಕೆನ್ನುವವರು ವರ್ಷಕ್ಕೆ ಒಬ್ಬರಾದರೂ ಬರುತ್ತಾರೆ. ಧೈರ್ಯವಾಗಿ ಹಾಕಿ. ಅಮೆರಿಕದ ಮಾನವಿಕ ವಿಭಾಗಗಳಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನಲ್ಲಿ ಅರ್ಜಿ ಮುಗಿಯುತ್ತದೆ. ಮೂರು ಶಿಫಾರಸು ಪತ್ರ ಮತ್ತು ನೀವೇ ಬರೆದ ಒಂದು ದೊಡ್ಡ ಪ್ರಬಂಧ ಕೇಳುತ್ತಾರೆ. ಆ ಪ್ರಬಂಧಕ್ಕೆ ಎಂ.ಎ. ಡಿಸರ್ಟೇಶನ್ನಿನ ಒಂದು ಅಧ್ಯಾಯ ಒಳ್ಳೆಯ ಅಡಿಪಾಯ. ಅರ್ಜಿ ಶುಲ್ಕ ಜಾಸ್ತಿ. ಮನ್ನಾ ಮಾಡುವಂತೆ ಬರೆದು ಕೇಳಬಹುದು, ಕೇಳಿ.

ಕೊನೆಗೆ ಇಂಟರ್‌ವ್ಯೂ. ನಿಮ್ಮ ಟಿಪ್ಪಣಿಯನ್ನು ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬರಿಗೆ ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿ ನೋಡಿ. ನಾನು ಅಪ್ಪನಿಗೆ ಹೇಳಿದೆ. ಗದ್ದೆಯ ಬದುವಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹಂಗಾದ್ರೆ ನಮ್ಮವ್ವನ ಕತೆ ಓದ್ತಾ ಇದ್ದೀಯ ಅನ್ನು" ಎಂದರು. ಆಗ ನನಗೆ ಹೆದರಿಕೆ ಅರ್ಧ ಇಳಿಯಿತು.

ಇಂಟರ್‌ವ್ಯೂ ದಿನ ಐದು ಜನ ಕೂತಿದ್ದರು. ಒಬ್ಬರು ಕೇಳಿದರು: "ನಿಮ್ಮ ಊರಿನಲ್ಲಿ ಮೊದಲು ಕಬ್ಬು ಹಾಕಿದವರು ಯಾರು?" ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಸರ್. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಕಂದಾಯದ ಪುಸ್ತಕ ಇದ್ದರೆ ನೋಡಬೇಕು. ಅದಕ್ಕೂ ಮುಂಚೆ ಊರಿನಲ್ಲಿ ಎಂಬತ್ತು ದಾಟಿದ ಮೂವರು ಇದ್ದಾರೆ, ಅವರ ಮಾತು ರೆಕಾರ್ಡ್ ಮಾಡಿಕೊಳ್ಳಬೇಕು" ಎಂದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಪಕ್ಕದವರು, "ಮೂವರಲ್ಲಿ ಹೆಂಗಸರು ಎಷ್ಟು ಜನಮ್ಮ?" ಎಂದರು. ಇಬ್ಬರು ಎಂದೆ. "ಅವರಿಂದಲೇ ಶುರು ಮಾಡಿ, ಬೇಗ ಹೋಗಿ" ಎಂದರು.