ದಾಳ ಉರುಳುವ ಮೊದಲು: ಸಿಮ್ಯುಲೇಷನ್ ಬೇಸ್‌ಬಾಲ್ ತಂಡಗಳಿಗೆ ಮುನ್ನೋಟ ಬರೆಯುವುದು ಹೇಗೆ?

ಬೇಸ್‌ಬಾಲ್ ಆಡಲು ಮೈದಾನವೇ ಬೇಕೆಂದೇನಿಲ್ಲ. ಅಮೆರಿಕದಲ್ಲಿ ಊಟದ ಮೇಜಿನ ಮೇಲೆ ಕಾರ್ಡು, ದಾಳ ಹರಡಿಕೊಂಡು ಇಡೀ ಸೀಸನ್ ಆಡಿ ಮುಗಿಸುವವರಿದ್ದಾರೆ. ಒಬ್ಬೊಬ್ಬರು ಒಂದೊಂದು ತಂಡ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಲೀಗ್ ನಡೆಸುವವರೂ ಇದ್ದಾರೆ. ಇಂಥ ಅಣಕು ಆಟಕ್ಕೇ ಸಿಮ್ಯುಲೇಷನ್ ಅನ್ನುವುದು. ಮೇಷ್ಟ್ರ ಕಣ್ಣು ತಪ್ಪಿಸಿ ನಾವು ಆಡುತ್ತಿದ್ದ ಬುಕ್ ಕ್ರಿಕೆಟ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಜಾತಿ. ಆದರೆ ಇಲ್ಲಿ ಪುಟದ ನಂಬರಿನ ಬದಲು ಪ್ರತಿ ಆಟಗಾರನಿಗೂ ಅವನದೇ ಲೆಕ್ಕ ಇರುತ್ತದೆ.

ಇಂಥ ಲೀಗುಗಳಲ್ಲಿ ಸೀಸನ್ ಶುರುವಾಗುವ ಮುಂಚೆ ಯಾರಾದರೊಬ್ಬರು ಕೂತು ಎಲ್ಲ ತಂಡಗಳ ಮುನ್ನೋಟ ಬರೆಯುತ್ತಾರೆ. ಯಾರು ಗೆಲ್ಲಬಹುದು, ಎಷ್ಟು ಗೆಲ್ಲಬಹುದು, ಎಲ್ಲಿ ಎಡವಬಹುದು ಅಂತ. ಇದು ಇವತ್ತಿನ ಚಟವೇನಲ್ಲ. ಲೇಖಕ ಜಾಕ್ ಕೆರೋವಾಕ್ ಹುಡುಗನಾಗಿದ್ದಾಗಲೇ ಮ್ಯಾಸಚೂಸೆಟ್ಸಿನ ಲೋವೆಲ್ ಊರಿನಲ್ಲಿ ತನ್ನದೇ ಕಾರ್ಡಿನ ಬೇಸ್‌ಬಾಲ್ ಲೀಗ್ ಕಟ್ಟಿಕೊಂಡಿದ್ದ. ತಂಡಗಳಿಗೆ ಕಾರುಗಳ ಹೆಸರಿಟ್ಟು, ಇಲ್ಲದ ಆಟಗಾರರ ಬಗ್ಗೆ ಪತ್ರಿಕೆಯ ಥರ ವರದಿ ಬರೆಯುತ್ತಿದ್ದ. ಆ ಕಾಗದಗಳು ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.

ನಿಮಗೂ ಅಂಥದೊಂದು ಲೀಗಿನಲ್ಲಿ ಮುನ್ನೋಟ ಬರೆಯುವ ಕೆಲಸ ಬಿದ್ದರೆ ಎಲ್ಲಿಂದ ಶುರು ಮಾಡಬೇಕು? ತುಂಬ ಜನ ಆಟಗಾರರ ಹೆಸರಿನಿಂದ ಶುರು ಮಾಡುತ್ತಾರೆ. ಅದು ಬೇಡ. ಹೆಸರು ನೋಡಿ ಬರೆದ ಮುನ್ನೋಟ ಅಭಿಮಾನಿಯ ಪತ್ರ ಆಗುತ್ತದೆ.

ಮೊದಲು: ಆಟಕ್ಕೆ ಆಟಗಾರನ ಬಗ್ಗೆ ಏನು ಗೊತ್ತು?

ಎಲ್ಲ ಸಿಮ್ಯುಲೇಷನ್ ಒಂದೇ ಅಲ್ಲ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ವ್ಯತ್ಯಾಸ ಗೊತ್ತಾಗುತ್ತದೆ.

ಹ್ಯಾಲ್ ರಿಚ್‌ಮನ್ ಎಂಬಾತ 1961ರಲ್ಲಿ ಮಾರುಕಟ್ಟೆಗೆ ತಂದ ಸ್ಟ್ರಾಟ್-ಒ-ಮ್ಯಾಟಿಕ್ ಕಾರ್ಡು ಮತ್ತು ದಾಳದ ಆಟ. ಮೂರು ದಾಳ ಒಟ್ಟಿಗೆ ಹಾಕಬೇಕು. ಬಿಳಿ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡು ನೋಡಬೇಕು. 4, 5, 6 ಬಿದ್ದರೆ ಪಿಚರ್, ಅಂದರೆ ಚೆಂಡು ಎಸೆಯುವವನ ಕಾರ್ಡು. ಉಳಿದೆರಡು ದಾಳಗಳ ಮೊತ್ತ ಆ ಕಾರ್ಡಿನ ಯಾವ ಸಾಲು ಓದಬೇಕೆಂದು ಹೇಳುತ್ತದೆ. ಅಂದರೆ ಅರ್ಧ ಸಲ ಬ್ಯಾಟರ್ ಯಾರೆಂಬುದು ಮುಖ್ಯ, ಅರ್ಧ ಸಲ ಪಿಚರ್ ಯಾರೆಂಬುದು. ಪಿಚರ್ ಕಾರ್ಡಿನ ಕೆಲವು ಸಾಲುಗಳಲ್ಲಿ ಚೆಂಡು ಫೀಲ್ಡರ್ ಕಡೆ ಹೋಗುತ್ತದೆ. ಅಲ್ಲಿ ಫೀಲ್ಡರಿನ ದರ್ಜೆ ನೋಡಬೇಕು. 1 ಅತ್ಯುತ್ತಮ, 5 ಅತಿ ಕೆಟ್ಟದ್ದು.

ಈ ಕಾರ್ಡು ಆಗಿಹೋದ ಸೀಸನ್ನಿನ ಸಾಧನೆಯ ಮೇಲೆ ತಯಾರಾಗಿರುತ್ತದೆ. ಅದಕ್ಕೆ ವಯಸ್ಸಾಗುವುದಿಲ್ಲ. ಮನೆಯ ಚಿಂತೆ, ಫಾರ್ಮ್ ಹೋಗುವುದು, ಹೊಸ ಕೋಚ್ ಯಾವುದೂ ಅದಕ್ಕಿಲ್ಲ. ‘ಈ ವರ್ಷ ಇವನು ಇನ್ನೂ ಚೆನ್ನಾಗಿ ಆಡುತ್ತಾನೆ’ ಎಂದು ಬರೆದರೆ ಅದಕ್ಕೆ ಅರ್ಥವೇ ಇಲ್ಲ. ಕಾರ್ಡಿನಲ್ಲಿ ಇರುವುದು ಇದೆ, ಅಷ್ಟೇ.

ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಇದಕ್ಕೆ ಪೂರ್ತಿ ಉಲ್ಟಾ. ಜರ್ಮನಿಯ ಮಾರ್ಕುಸ್ ಹೈನ್‌ಸನ್ 1999ರಲ್ಲಿ ಶುರು ಮಾಡಿದ ಕಂಪ್ಯೂಟರ್ ಆಟ ಇದು. ಇಲ್ಲಿ ಆಟಗಾರ ಬೆಳೆಯುತ್ತಾನೆ, ಮುದಿಯಾಗುತ್ತಾನೆ, ಗಾಯ ಮಾಡಿಕೊಳ್ಳುತ್ತಾನೆ. ನಿಮಗೆ ಕಾಣುವ 20ರಿಂದ 80ರ ರೇಟಿಂಗ್ ಸಹ ಪೂರ್ತಿ ನಿಜವಲ್ಲ. ಅದು ನಿಮ್ಮ ಸ್ಕೌಟ್, ಅಂದರೆ ಆಟಗಾರರನ್ನು ನೋಡಿ ಅಳೆಯುವವನು, ಹೇಳಿದ ಅಂದಾಜು. ಇಂಥ ಲೀಗಿನಲ್ಲಿ 34 ವರ್ಷದ ಬ್ಯಾಟರ್ ಮೇಲೆ ಇಡೀ ತಂಡ ನಿಂತಿದ್ದರೆ ಅದನ್ನು ಬರೆಯಲೇಬೇಕು. ರೇಟಿಂಗ್ ಜೊತೆಗೆ ಕಳೆದ ಮೂರು ಸೀಸನ್ನಿನ ಅಂಕಿಯನ್ನೂ ನೋಡಿ. ಬೇಸ್‌ಬಾಲ್ ಅಂಕಿಅಂಶ ತಜ್ಞ ಟಾಮ್ ಟ್ಯಾಂಗೋ ಮಾಡಿದ ಮಾರ್ಸೆಲ್ ಎಂಬ ಸರಳ ಸೂತ್ರದಲ್ಲಿ ಬ್ಯಾಟರಿಗೆ ಕಳೆದ ವರ್ಷಕ್ಕೆ 5, ಅದರ ಹಿಂದಿನದಕ್ಕೆ 4, ಅದಕ್ಕೂ ಹಿಂದಿನದಕ್ಕೆ 3 ತೂಕ ಕೊಡುತ್ತಾರೆ. ಆಮೇಲೆ ಸರಾಸರಿಯ ಕಡೆಗೆ ಸ್ವಲ್ಪ ಎಳೆದು, 29 ದಾಟಿದವರಿಗೆ ಒಂದಿಷ್ಟು ಕಳೆಯುತ್ತಾರೆ. ಅಷ್ಟು ಮಾಡಿದರೆ ಧಾರಾಳವಾಗಿ ಸಾಕು.

ನಿಯಮಗಳ ಹಾಳೆ ಓದಿ

ಬೇಜಾರಿನ ಕೆಲಸ, ಆದರೆ ತಪ್ಪಿಸಬೇಡಿ. ಎಷ್ಟು ಪಂದ್ಯ? ಎಷ್ಟು ತಂಡ ಪ್ಲೇಆಫಿಗೆ ಹೋಗುತ್ತವೆ? ಮೈದಾನದ ಪರಿಣಾಮ ಲೆಕ್ಕಕ್ಕಿದೆಯಾ? ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿರುವ ಡೆನ್ವರ್‌ನ ಕೂರ್ಸ್ ಫೀಲ್ಡಿನಲ್ಲಿ ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಹಾಗಾಗಿ ಅಲ್ಲಿ ಆಡುವ ತಂಡದ ಬ್ಯಾಟಿಂಗ್ ಯಾವಾಗಲೂ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಪಿಚಿಂಗ್ ಕೆಟ್ಟದಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ, ಬಳಕೆಯ ಮಿತಿ ಇದೆಯಾ? ನಿಜವಾದ ಸೀಸನ್ನಿನಲ್ಲಿ ಆಡಿದಷ್ಟೇ ಆಟಗಾರನನ್ನು ಆಡಿಸಬೇಕಾ, ಇಲ್ಲ ಎಷ್ಟು ಬೇಕಾದರೂ ಆಡಿಸಬಹುದಾ? ಇದೊಂದು ಸಾಲು ಇಡೀ ಮುನ್ನೋಟವನ್ನು ತಿರುಗಿಸಿಬಿಡುತ್ತದೆ. ಹೇಗೆ ಅಂತ ಒಂದು ತಂಡವನ್ನೇ ಹಿಡಿದು ನೋಡೋಣ.

ಒಂದು ತಂಡ, ಹತ್ತಿರದಿಂದ: 2012ರ ಬಾಲ್ಟಿಮೋರ್ ಓರಿಯೋಲ್ಸ್

2012ರ ಕಾರ್ಡುಗಳಲ್ಲಿ ಆ ಸೀಸನ್ನನ್ನು ಮತ್ತೆ ಆಡುವ ರಿಪ್ಲೇ ಲೀಗ್ ಅಂದುಕೊಳ್ಳಿ. ನಿಮಗೆ ಓರಿಯೋಲ್ಸ್ ಬಗ್ಗೆ ಬರೆಯಬೇಕು. ನಿಜವಾದ ಸೀಸನ್ನಿನಲ್ಲಿ ಅವರು 162 ಪಂದ್ಯಗಳಲ್ಲಿ 93 ಗೆದ್ದು, 1997ರ ನಂತರ ಮೊದಲ ಸಲ ಪ್ಲೇಆಫಿಗೆ ಹೋದರು. ‘ಬಲಿಷ್ಠ ತಂಡ, ಪ್ರಶಸ್ತಿಗೆ ಹತ್ತಿರ’ ಎಂದು ಬರೆದು ಕೈ ತೊಳೆದುಕೊಳ್ಳಬಹುದು, ಅಲ್ವಾ?

ಬೇಡ. ಗೆಲುವಿನ ಬದಲು ರನ್ ನೋಡಿ. ಅವರು ಹೊಡೆದದ್ದು 712, ಕೊಟ್ಟದ್ದು 705. ವ್ಯತ್ಯಾಸ ಬರೀ 7. ಬೇಸ್‌ಬಾಲ್ ಲೆಕ್ಕಕ್ಕೆ ಹೆಸರಾದ ಲೇಖಕ ಬಿಲ್ ಜೇಮ್ಸ್ ಕೊಟ್ಟ ಒಂದು ಸುಲಭ ಸೂತ್ರ ಇದೆ. ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ. 712ರ ವರ್ಗ 5,06,944. 705ರ ವರ್ಗ 4,97,025. ಭಾಗಿಸಿದರೆ 0.505. ಅದನ್ನು 162ರಿಂದ ಗುಣಿಸಿದರೆ 82 ಗೆಲುವು. ಕ್ಯಾಲ್ಕುಲೇಟರ್ ಹಿಡಿಯಲು ಸೋಮಾರಿತನವಿದ್ದರೆ ಇನ್ನೊಂದು ದಾರಿ: ಪ್ರತಿ 10 ರನ್ ವ್ಯತ್ಯಾಸಕ್ಕೆ ಒಂದು ಗೆಲುವು ಅಂತ 162ರ ಅರ್ಧವಾದ 81ಕ್ಕೆ ಸೇರಿಸಿ. ಅಲ್ಲೂ 82ರ ಸುತ್ತಲೇ ಬರುತ್ತದೆ.

ಹಾಗಾದರೆ ಉಳಿದ 11 ಗೆಲುವು ಎಲ್ಲಿಂದ ಬಂತು? ಒಂದೇ ರನ್ನಿನ ಅಂತರದಲ್ಲಿ ಮುಗಿದ ಪಂದ್ಯಗಳಲ್ಲಿ ಓರಿಯೋಲ್ಸ್ 29 ಗೆದ್ದು 9 ಸೋತರು. ಒಂಬತ್ತು ಇನ್ನಿಂಗ್ಸಿಗೂ ಸಮವಾಗಿದ್ದು ಹೆಚ್ಚುವರಿ ಇನ್ನಿಂಗ್ಸಿಗೆ ಹೋದ ಪಂದ್ಯಗಳಲ್ಲಿ 16 ಗೆದ್ದು ಬರೀ 2 ಸೋತರು. ಕಣ್ಣಿಗೆ ಹಬ್ಬ. ಆದರೆ ಈ ಗುಣವನ್ನು ಕಾರ್ಡಿನಲ್ಲಿ ಎಲ್ಲಿ ಬರೆಯುತ್ತೀರಿ? ಪಿಚರ್ ಜಿಮ್ ಜಾನ್ಸನ್ ಕೊನೆಯಲ್ಲಿ ಬಂದು ಮುನ್ನಡೆ ಕಾಯ್ದು 51 ಪಂದ್ಯಗಳನ್ನು ಸೇವ್ ಮಾಡಿದ್ದು ನಿಜ, ಅವನ ಕಾರ್ಡು ಚೆನ್ನಾಗಿರುವುದೂ ನಿಜ. ಅದರಾಚೆ ‘ಕೊನೇ ಗಳಿಗೆಯಲ್ಲಿ ಗೆಲ್ಲುವ ತಂಡ’ ಎಂಬ ಸಾಲು ಯಾವ ಕಾರ್ಡಿನಲ್ಲೂ ಇಲ್ಲ. ದಾಳಕ್ಕೆ ಅದು ಗೊತ್ತೂ ಇಲ್ಲ. ಮರುವರ್ಷ ನಿಜವಾದ ಓರಿಯೋಲ್ಸ್ ತಂಡಕ್ಕೂ ಅದು ಗೊತ್ತಿದ್ದ ಹಾಗೆ ಕಾಣಲಿಲ್ಲ. 2013ರಲ್ಲಿ ಒಂದು ರನ್ನಿನ ಪಂದ್ಯಗಳಲ್ಲಿ 20 ಗೆದ್ದು 31 ಸೋತರು. ಒಟ್ಟು ಗೆಲುವು 85ಕ್ಕೆ ಇಳಿಯಿತು.

ಹೀಗೆ ಓರಿಯೋಲ್ಸ್ ಆಡುವ ಗುಂಪಾದ ಅಮೆರಿಕನ್ ಲೀಗ್ ಈಸ್ಟ್ ಇಡೀ ಲೆಕ್ಕ ಹಾಕಿ ನೋಡಿ, ಮಜಾ ಇದೆ. ನಿಜದಲ್ಲಿ ಗೆಲುವು ನ್ಯೂಯಾರ್ಕ್ ಯಾಂಕೀಸ್ 95, ಓರಿಯೋಲ್ಸ್ 93, ಟ್ಯಾಂಪಾ ಬೇ ರೇಸ್ 90. ರನ್ ಲೆಕ್ಕದಲ್ಲಿ ಯಾಂಕೀಸ್ 96, ರೇಸ್ 96, ಓರಿಯೋಲ್ಸ್ 82. ಪ್ಲೇಆಫಿಗೆ ಹೋಗದೆ ಮನೆಗೆ ಹೋದ ರೇಸ್ ತಂಡ 697 ಹೊಡೆದು ಬರೀ 577 ಕೊಟ್ಟಿತ್ತು. ರಿಪ್ಲೇ ಲೀಗಿನಲ್ಲಿ ನಾನು ಹಣ ಕಟ್ಟುವುದಾದರೆ ಅವರ ಮೇಲೇ ಕಟ್ಟುತ್ತೇನೆ.

ಈಗ ಬಳಕೆಯ ಮಿತಿ

ಓರಿಯೋಲ್ಸ್ ಪಿಚರ್‌ಗಳ ಪಟ್ಟಿ ತೆಗೆಯಿರಿ. ಆ ವರ್ಷ 32 ಪಂದ್ಯಗಳಲ್ಲಿ ಮೊದಲ ಚೆಂಡು ಎಸೆದವನು ವೇ-ಯಿನ್ ಚೆನ್ ಒಬ್ಬನೇ. ಬೇರೆ ಯಾರೂ 20 ದಾಟಲಿಲ್ಲ. ಅದೇ ಪಟ್ಟಿಯ ಕೆಳಗೆ ಕ್ರಿಸ್ ಟಿಲ್‌ಮನ್ ಇದ್ದಾನೆ. 15 ಆರಂಭ (ಮೊದಲ ಚೆಂಡು ಎಸೆದ ಪಂದ್ಯ), ಇಆರ್‌ಎ 2.93. ಅಂದರೆ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟರೆ ಒಂಬತ್ತು ಇನ್ನಿಂಗ್ಸಿಗೆ ಮೂರು ರನ್ನೂ ಕೊಟ್ಟಿಲ್ಲ. ಮಿಗೆಲ್ ಗೊನ್ಸಾಲೆಸ್ ಕೂಡ 15 ಆರಂಭ, ಇಆರ್‌ಎ 3.25.

ಮಿತಿ ಇಲ್ಲದ ಲೀಗಿನಲ್ಲಿ ಚಾಲಾಕಿ ಮ್ಯಾನೇಜರ್ ಏನು ಮಾಡುತ್ತಾನೆ? ಇವರಿಬ್ಬರನ್ನು ವರ್ಷಪೂರ್ತಿ, ಐದು ದಿನಕ್ಕೊಮ್ಮೆ ಇಳಿಸುತ್ತಾನೆ. 30 ಆರಂಭ 60 ಆಗುತ್ತದೆ. ಆಗ 705 ರನ್ ಕೊಟ್ಟ ತಂಡ ಅದಕ್ಕಿಂತ ಎಷ್ಟೋ ಕಡಿಮೆ ಕೊಡುತ್ತದೆ, 82 ಎಂಬ ಅಂದಾಜು ಸುಲಭವಾಗಿ ಮೇಲೆ ಹೋಗುತ್ತದೆ. ಮಿತಿ ಇರುವ ಲೀಗಿನಲ್ಲಿ 30 ಆರಂಭ ಮುಗಿದ ಮೇಲೆ ಉಳಿದವರನ್ನೇ ಇಳಿಸಬೇಕು. ತಂಡ ಅದೇ, ಕಾರ್ಡು ಅದೇ, ನಿಯಮ ಬೇರೆ ಅಷ್ಟೇ.

ರೇಸ್ ತಂಡದಲ್ಲೂ ಇದೇ ಕಥೆ. ಅವರ ಮುಖ್ಯ ಬ್ಯಾಟರ್ ಇವಾನ್ ಲಾಂಗೋರಿಯಾ ಗಾಯದಿಂದ 74 ಪಂದ್ಯ ಮಾತ್ರ ಆಡಿದ. ಮಿತಿ ಇಲ್ಲದಿದ್ದರೆ ಅವನು ದಿನಾ ಆಡುತ್ತಾನೆ.

ಹೊಸ ತಂಡವಾದರೆ ರನ್ ಅಂದಾಜು

ರಿಪ್ಲೇ ಅಲ್ಲದೆ, ಡ್ರಾಫ್ಟ್ ಮಾಡಿ (ಸರದಿಯಂತೆ ಆಟಗಾರರನ್ನು ಆರಿಸಿಕೊಂಡು) ಕಟ್ಟಿದ ತಂಡಗಳಿಗೆ ಹಳೆಯ ರನ್ ಲೆಕ್ಕ ಇರುವುದಿಲ್ಲ. ನೀವೇ ಕಟ್ಟಬೇಕು. 162 ಪಂದ್ಯದ ಸೀಸನ್ನಿನಲ್ಲಿ ಒಂದು ತಂಡಕ್ಕೆ ಬ್ಯಾಟಿಂಗ್ ಸರದಿ ಸುಮಾರು 6,100 ಬರುತ್ತದೆ. ಅದನ್ನು ಆಟಗಾರರಿಗೆ ಹಂಚಿ. ಮೊದಲು ಬ್ಯಾಟ್ ಮಾಡುವವನಿಗೆ ಜಾಸ್ತಿ, ಒಂಬತ್ತನೆಯವನಿಗೆ ಕಡಿಮೆ, ಬೆಂಚಿನವರಿಗೂ ಒಂದಿಷ್ಟು. ಬೆಂಚನ್ನು ಮರೆಯುವುದೇ ಇಲ್ಲಿನ ದೊಡ್ಡ ತಪ್ಪು. ಒಂಬತ್ತು ಜನ ಪ್ರತಿ ದಿನ ಆಡುತ್ತಾರೆ ಎಂದು ಲೆಕ್ಕ ಹಾಕಿದರೆ ಎಲ್ಲ ತಂಡವೂ ಚಾಂಪಿಯನ್ ಥರ ಕಾಣುತ್ತದೆ.

ಆಮೇಲೆ ಬಿಲ್ ಜೇಮ್ಸ್‌ರದೇ ಇನ್ನೊಂದು ಸೂತ್ರ. ಹಿಟ್ ಮತ್ತು ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಸಿಗುವ ಬೇಸ್) ಕೂಡಿಸಿ, ಒಟ್ಟು ಬೇಸಿನಿಂದ (ಹಿಟ್‌ಗಳಿಂದ ಸಿಕ್ಕ ಬೇಸ್‌ಗಳ ಮೊತ್ತ) ಗುಣಿಸಿ, ಅಟ್-ಬ್ಯಾಟ್ (ವಾಕ್ ಮುಂತಾದವು ಬಿಟ್ಟ ಬ್ಯಾಟಿಂಗ್ ಸರದಿ) ಮತ್ತು ವಾಕ್ ಮೊತ್ತದಿಂದ ಭಾಗಿಸಿ. ಒಂದು ತಂಡಕ್ಕೆ 1,400 ಹಿಟ್, 500 ವಾಕ್, 2,200 ಒಟ್ಟು ಬೇಸ್, 5,500 ಅಟ್-ಬ್ಯಾಟ್ ಬಂತೆನ್ನಿ. 1,900ನ್ನು 2,200ರಿಂದ ಗುಣಿಸಿ 6,000ದಿಂದ ಭಾಗಿಸಿದರೆ ಸುಮಾರು 697 ರನ್. ಕೊಡುವ ರನ್ನಿಗೂ ಹೀಗೇ, ಪಿಚರ್‌ಗಳಿಗೆ ಇನ್ನಿಂಗ್ಸ್ ಹಂಚಿ. ಫೀಲ್ಡಿಂಗಿಗೆ ನಾನು ಸೂತ್ರ ಹಾಕಲು ಹೋಗುವುದಿಲ್ಲ. ಶಾರ್ಟ್‌ಸ್ಟಾಪ್, ಸೆಕೆಂಡ್ ಬೇಸ್, ಸೆಂಟರ್ ಫೀಲ್ಡ್, ಕ್ಯಾಚರ್ ಈ ನಾಲ್ಕು ಜಾಗಗಳ ಫೀಲ್ಡರ್ ದರ್ಜೆ ನೋಡುತ್ತೇನೆ. ಅಲ್ಲಿ 1 ಅಥವಾ 2 ಇದ್ದರೆ ಖುಷಿ. ಶಾರ್ಟ್‌ಸ್ಟಾಪಿನಲ್ಲಿ 4 ಇದ್ದರೆ ಆ ಮಾತು ಮುನ್ನೋಟದ ಎರಡನೇ ಸಾಲಿನಲ್ಲೇ ಬರಬೇಕು.

ಎಲ್ಲ ತಂಡ ಮುಗಿದ ಮೇಲೆ ಗೆಲುವುಗಳನ್ನು ಕೂಡಿಸಿ. 12 ತಂಡ, 162 ಪಂದ್ಯ ಇದ್ದರೆ ಮೊತ್ತ ಸರಿಯಾಗಿ 972 ಬರಬೇಕು. ಒಬ್ಬ ಗೆದ್ದರೆ ಒಬ್ಬ ಸೋಲಲೇಬೇಕಲ್ಲ. 1,010 ಬಂದರೆ ನೀವು ಎಲ್ಲರನ್ನೂ ಖುಷಿಪಡಿಸಲು ಹೊರಟಿದ್ದೀರಿ ಅಂತ ಅರ್ಥ. ಎಲ್ಲರಿಂದಲೂ ಸಮನಾಗಿ ಕಳೆಯಿರಿ.

ಒಂದು ನಂಬರ್ ಅಲ್ಲ, ಒಂದು ವ್ಯಾಪ್ತಿ

ಅರ್ಧಕ್ಕರ್ಧ ಗೆಲ್ಲುವ ಶಕ್ತಿಯ ತಂಡ 162 ಪಂದ್ಯ ಆಡಿದರೆ ಬರೀ ಅದೃಷ್ಟದಿಂದಲೇ ಆರು ಗೆಲುವು ಆಚೆಈಚೆ ಆಗುವುದು ಮಾಮೂಲು. ಹಾಗಾಗಿ ಓರಿಯೋಲ್ಸ್‌ಗೆ 82 ಎಂದು ಬರೆದರೆ ಪಕ್ಕದಲ್ಲಿ 76ರಿಂದ 88 ಎಂದೂ ಬರೆಯಿರಿ. ಆ ವ್ಯಾಪ್ತಿಯ ಹೊರಗೆ ಮೂರು ಸಲಕ್ಕೆ ಒಂದು ಸಲ ಬೀಳುತ್ತದೆ. 82ರ ಶಕ್ತಿಯ ತಂಡ 93 ಮುಟ್ಟುವುದು ಸುಮಾರು ಇಪ್ಪತ್ತಕ್ಕೆ ಒಂದು ಸಲ. ಅಪರೂಪ, ಆದರೆ ಪವಾಡವಲ್ಲ. 60 ಪಂದ್ಯದ ಪುಟ್ಟ ಲೀಗಾದರೆ ಅದೃಷ್ಟದ ಪಾಲು ಇನ್ನೂ ಜಾಸ್ತಿ.

ಬರವಣಿಗೆ

ಲೆಕ್ಕ ಮುಗಿಯಿತು. ಈಗ ಓದುವ ಹಾಗೆ ಬರೆಯಬೇಕು. ಲೆಕ್ಕವನ್ನೆಲ್ಲ ತಂದು ಸುರಿಯಬೇಡಿ. ಒಂದು ಅಂದಾಜು, ಅದಕ್ಕೆ ಒಂದು ಕಾರಣ, ಸೋಲಿಸಬಹುದಾದ ಒಂದು ಜಾಗ, ಮ್ಯಾನೇಜರ್ ಮಾಡಬಹುದಾದ ಒಂದು ಕೆಲಸ. ಮಿತಿ ಇರುವ ಲೀಗಿನ ಓರಿಯೋಲ್ಸ್‌ಗೆ ನಾನು ಹೀಗೆ ಬರೆಯುತ್ತೇನೆ:

‘ಬಾಲ್ಟಿಮೋರ್: 82 ಗೆಲುವು (76–88). 214 ಹೋಮ್ ರನ್ ಹೊಡೆದ ತಂಡ, ಚೆಂಡು ಮೈದಾನದಾಚೆ ಹೋಗುವುದಕ್ಕೇನೂ ಬರ ಇಲ್ಲ. ಶಾರ್ಟ್‌ಸ್ಟಾಪ್ ಹಾರ್ಡಿ, ಕ್ಯಾಚರ್ ವೀಟರ್ಸ್, ಸೆಂಟರ್ ಫೀಲ್ಡಿನ ಜೋನ್ಸ್ ಮೂವರೂ ಫೀಲ್ಡಿಂಗಿನ ಗೋಲ್ಡ್ ಗ್ಲವ್ ಪ್ರಶಸ್ತಿ ಗೆದ್ದವರು, ಮಧ್ಯಭಾಗ ಗಟ್ಟಿ. ತಲೆನೋವು ಪಿಚಿಂಗ್. ಟಿಲ್‌ಮನ್, ಗೊನ್ಸಾಲೆಸ್ ಸೇರಿ 30 ಆರಂಭ ಅಷ್ಟೇ. ಅವರನ್ನು ಏಪ್ರಿಲಿನಿಂದಲೇ ಖರ್ಚು ಮಾಡಿದರೆ ಸೆಪ್ಟೆಂಬರಿನಲ್ಲಿ ಕೈ ಖಾಲಿ. ಯಾಂಕೀಸ್, ರೇಸ್ ವಿರುದ್ಧದ ಸರಣಿಗಳಿಗೆ ಎತ್ತಿಟ್ಟರೆ ಜೂಜು ಗಿಟ್ಟಬಹುದು. 93 ಮತ್ತೆ ಬರುತ್ತದೆಂದು ಕಾಯಬೇಡಿ.’

ಇಷ್ಟೇ. ಆ ತಂಡ ಆಡಿಸುವವನಿಗೆ ಸಿಟ್ಟು ಬರಬಹುದು, ಬರಲಿ. ಆದರೆ ಸುಮ್ನೆ ಗೇಲಿ ಮಾಡಲು ಬರೆಯಬೇಡಿ, ಮತ್ತು ನಿಮ್ಮ ಸ್ವಂತ ತಂಡದ ಮುನ್ನೋಟವನ್ನು ಬೇರೆಯವರ ಕೈಯಲ್ಲಿ ಬರೆಸಿ.

ಸೀಸನ್ ಮುಗಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಪ್ರತಿ ತಂಡಕ್ಕೂ ನೀವು ಹೇಳಿದ್ದಕ್ಕೂ ಆದದ್ದಕ್ಕೂ ಎಷ್ಟು ವ್ಯತ್ಯಾಸ ಎಂದು ಬರೆದು ಸರಾಸರಿ ತೆಗೆಯಿರಿ. ಪಕ್ಕದಲ್ಲೇ ಎಲ್ಲ ತಂಡಕ್ಕೂ 81 ಎಂದು ಕಣ್ಣು ಮುಚ್ಚಿ ಬರೆದಿದ್ದರೆ ಸರಾಸರಿ ತಪ್ಪು ಎಷ್ಟಾಗುತ್ತಿತ್ತು ಎಂದೂ ತೆಗೆಯಿರಿ. ನಿಮ್ಮದು ಅದಕ್ಕಿಂತ ಕಡಿಮೆ ಬಂದಿದ್ದರೆ ಮುಂದಿನ ವರ್ಷವೂ ನೀವೇ ಬರೆಯಿರಿ. ಜಾಸ್ತಿ ಬಂದಿದ್ದರೆ ಯಾವ ತಂಡದಲ್ಲಿ ಹೆಚ್ಚು ತಪ್ಪಿದ್ದೀರಿ ನೋಡಿ, ಅಲ್ಲಿ ಬೆಂಚನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಿರಾ ಎಂದು ಮೊದಲು ಪರೀಕ್ಷಿಸಿ.