ಒಂದು ದಿನ ಪೂರ್ತಿ ಮೈಸೂರು ಸಿಟಿ ಬಸ್ಸಲ್ಲೇ ಸುತ್ತುವವರಿಗೆ

ಸ್ನೇಹಿತರೇ, ನನಗೆ ಬಸ್ ಅಂದ್ರೆ ಪ್ರಾಣ. ರಜೆ ಸಿಕ್ಕರೆ ಕೆ.ಆರ್. ಸರ್ಕಲ್ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿಬಿಡುತ್ತೇನೆ. ನೀವೂ ಹೊರಡುವುದಾದರೆ ಬೆಳಿಗ್ಗೆ ಮೊದಲು 201 ಹತ್ತಿ, ಚಾಮುಂಡಿ ಬೆಟ್ಟಕ್ಕೆ ಹೋಗಿ. ಆ ತಿರುವುಗಳಲ್ಲಿ ಡ್ರೈವರ್ ಗೇರ್ ಬದಲಿಸುವುದು, ಇಂಜಿನ್ ಸದ್ದು ಏರುವುದು, ಕೆಳಗೆ ಊರು ಸಣ್ಣದಾಗುತ್ತಾ ಹೋಗುವುದು, ಎಷ್ಟು ಸಲ ನೋಡಿದರೂ ನನಗೆ ಸಾಲದು. ಮುಂದಿನ ಸೀಟುಗಳು ಮಹಿಳೆಯರಿಗೆ ಮೀಸಲು, ಹಾಗಾಗಿ ಗಂಡಸರು ಮಧ್ಯದಲ್ಲಿ ಕಿಟಕಿ ಪಕ್ಕ ಹಿಡಿಯಿರಿ. ಆಷಾಢ ಶುಕ್ರವಾರ ಮಾತ್ರ ಬೇಡ, ಜನ ತುಂಬಾ ಜಾಸ್ತಿ.

ಇಳಿಯುವಾಗ ಕಾಲಲ್ಲಿ ಶಕ್ತಿ ಇದ್ದರೆ ಮೆಟ್ಟಿಲ ದಾರಿ ಹಿಡಿಯಿರಿ, ನಂದಿ ಸಿಗುತ್ತದೆ. ಮಧ್ಯಾಹ್ನದ ಮೇಲೆ ಕೆ.ಆರ್.ಎಸ್. ಬಸ್. ಬೃಂದಾವನದ ದೀಪ ನೋಡುವ ಆಸೆ ಇದ್ದರೆ, ವಾಪಸ್ ಕೊನೆ ಬಸ್ ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ.

ಚಿಲ್ಲರೆ ಇಟ್ಟುಕೊಳ್ಳಿ. ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟರೆ ಇಳಿಯುವ ಮೊದಲೇ ಕೇಳಿ ಪಡೆಯಿರಿ. ನಾನು ಒಮ್ಮೆ ಮರೆತು ಎಂಬತ್ತು ರೂಪಾಯಿ ಬಿಟ್ಟು ಬಂದಿದ್ದೇನೆ. ಹೆಣ್ಣುಮಕ್ಕಳು ಆಧಾರ್ ಅಥವಾ ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿ ತರಲೇಬೇಕು. ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಾಮಾನ್ಯ ಬಸ್ಸಿಗೆ ಮಾತ್ರ, ಎ.ಸಿ. ಬಸ್ಸಿಗಿಲ್ಲ. ಹತ್ತುವ ಮುಂಚೆ ನೋಡಿಕೊಳ್ಳಿ.